ಬಂದೂಕಿನ ಬಿಡಿಭಾಗ: ಹೊಕ್ಕಿದ್ದೆಲ್ಲ ಹೊಂದುವುದಿಲ್ಲ

ಕಾಸರಗೋಡಿನ ತೋಟದ ಮನೆಯಲ್ಲಿ ಅದು ಕೋವಿ. ಪಕ್ಕದ ಮಲಯಾಳಿಗೆ ತೋಕ್ಕು. ತಾಳವಾಡಿಯ ಸಂತೆಯಲ್ಲಿ ತುಪ್ಪಾಕಿ, ಮಡಕಶಿರಾ-ಆದೋನಿ ಕಡೆ ತುಪಾಕಿ, ಅಕ್ಕಲಕೋಟೆ-ಜತ್ತಿನಲ್ಲಿ ಬಂದೂಕು. ಹೆಸರು ಏನೇ ಇರಲಿ, ಬಹುತೇಕ ಮನೆಗಳಲ್ಲಿ ಅದು ಅಪ್ಪನ ಅಥವಾ ಅಜ್ಜನ ಕಾಲದ್ದು. ಲೈಸೆನ್ಸ್ ಪುಸ್ತಕ ಪೆಟ್ಟಿಗೆಯಲ್ಲಿ, ಬಂದೂಕು ಬೀಗದೊಳಗೆ. ಅದು ಕೆಟ್ಟರೆ ಯಾರ ಹತ್ತಿರ ಒಯ್ಯಬೇಕು ಎಂದು ಕೇಳಿ ನೋಡಿ. ಯಾವ ಭಾಷೆಯಲ್ಲೂ ನೆಟ್ಟಗಿನ ಉತ್ತರ ಸಿಗುವುದಿಲ್ಲ.

ಈ ಮಾತು ಈಗ ಎತ್ತಲು ಕಾರಣ, ಮಡಕಶಿರಾ ಕಡೆಯ ಶೇಂಗಾ ಬೆಳೆಗಾರರೊಬ್ಬರು ನಮಗೆ ಬರೆದ ಪತ್ರ. ಅವರ ಅಕ್ಕನ ಮಗ ಅಮೆರಿಕದ ಟೆಕ್ಸಾಸಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಅವನೊಂದು ಮಾರ್ಲಿನ್ 336 ರೈಫಲ್ ಕೊಂಡಿದ್ದಾನೆ. ಅದರ ಲಿವರ್ ಸಣ್ಣದು, ಚಳಿಗೆ ಕೈಚೀಲ ಹಾಕಿಕೊಂಡರೆ ಬೆರಳು ಹೋಗುವುದಿಲ್ಲ ಅಂತ ಅದೇ ಕಂಪನಿಯ 1895 ಮಾದರಿಯ ದೊಡ್ಡ ಬಳೆಯ ಲಿವರ್ ಅಂಚೆಯಲ್ಲಿ ತರಿಸಿ, ಊಟದ ಮೇಜಿನ ಮೇಲೇ ಒಂದು ಸ್ಕ್ರೂ ಬಿಚ್ಚಿ ಹಾಕಿಕೊಂಡನಂತೆ. ಫೋನಿನಲ್ಲಿ ಚಿತ್ರ ಕಳಿಸಿ, "ಮಾವ, ನಿಮ್ಮ ಹಳೇ ಜೋಡಿ ನಳಿಗೆಗೂ ಹೀಗೇ ಮಾಡಬಹುದಲ್ಲ, ಬೇಕಾದ ತುಂಡು ಹೇಳಿ, ಮುಂದಿನ ಸಲ ಬರುವಾಗ ತರುತ್ತೇನೆ" ಎಂದಿದ್ದಾನೆ. ಯಜಮಾನರ 12 ಬೋರಿನ ಬಲಗಡೆಯ ಕುದುರೆ ಸವೆದು ನಿಲ್ಲುತ್ತಿಲ್ಲ. ಪೇಟೆಯಲ್ಲಿ ಮೋಟಾರು ರಿಪೇರಿಯವನೊಬ್ಬ ಬೇರೆ ಬಂದೂಕಿನ ಕುದುರೆ ಇದೆ, ಉಜ್ಜಿ ಕೂರಿಸಿಕೊಡುತ್ತೇನೆ ಎಂದಿದ್ದಾನೆ. "ಎರಡರಲ್ಲಿ ಯಾವುದು ಸರಿ, ತಿಳಿಸಿ" ಎಂಬುದು ಪತ್ರದ ಕೊನೆಯ ಸಾಲು.

ಎರಡೂ ಸರಿಯಲ್ಲ. ಆದರೆ ಇಷ್ಟು ಹೇಳಿ ಸುಮ್ಮನಾದರೆ ಉಪಯೋಗವಿಲ್ಲ. ಅಳಿಯ ಮಾಡಿದ್ದು ಅಲ್ಲಿ ಏಕೆ ನಡೆಯಿತು, ಇಲ್ಲಿ ಏಕೆ ನಡೆಯದು ಎಂಬುದು ತಿಳಿದರೆ, ಪೇಟೆಯವನ ಮಾತಿಗೆ ಏನು ಹೇಳಬೇಕೆಂದು ರೈತನಿಗೇ ಹೊಳೆಯುತ್ತದೆ.

ಲಿವರ್ ರೈಫಲ್ಲನ್ನು ನಮ್ಮವರು ನೋಡಿರುವುದು ಹೆಚ್ಚಾಗಿ ಸಿನಿಮಾದಲ್ಲಿ. "ಮೆಕನ್ನಾಸ್ ಗೋಲ್ಡ್"ನಂಥ ಕುದುರೆ ಸವಾರರ ಚಿತ್ರಗಳಲ್ಲಿ ಕೈಗೆ ಕೈಗೆ ಅದೇ. ಟ್ರಿಗರಿನ ಸುತ್ತಲಿನ ಕಬ್ಬಿಣದ ಬಳೆಯೇ ಹಿಂದಕ್ಕೆ ಚಾಚಿಕೊಂಡು ಹಿಡಿಕೆಯಾಗಿರುತ್ತದೆ. ಅದನ್ನು ಕೆಳಕ್ಕೆ ತಳ್ಳಿದರೆ ಖಾಲಿ ತೋಟೆ ಹೊರಬೀಳುತ್ತದೆ, ಕುದುರೆ ಹಿಂದಕ್ಕೆ ಸರಿದು ನಿಲ್ಲುತ್ತದೆ. ಮೇಲಕ್ಕೆ ಎಳೆದರೆ ನಳಿಗೆಯ ಕೆಳಗಿನ ಕೊಳವೆಯಿಂದ ಹೊಸ ತೋಟೆ ಬಂದು ಒಳಗೆ ಕೂರುತ್ತದೆ. 1939ರ "ಸ್ಟೇಜ್‌ಕೋಚ್" ಚಿತ್ರದಲ್ಲಿ ನಟ ಜಾನ್ ವೇನ್ ದೊಡ್ಡ ಬಳೆ ಹಾಕಿಸಿದ ವಿಂಚೆಸ್ಟರನ್ನು ಒಂದೇ ಕೈಯಲ್ಲಿ ಗಿರ್ರನೆ ತಿರುಗಿಸಿದ್ದೇ ತಿರುಗಿಸಿದ್ದು, ದೊಡ್ಡ ಬಳೆಯ ಹುಚ್ಚು ಅಲ್ಲಿಂದ ಹತ್ತಿತು. 1958ರಿಂದ 1963ರವರೆಗೆ ಅಮೆರಿಕದ ಟಿ.ವಿ.ಯಲ್ಲಿ ಬಂದ "ದಿ ರೈಫಲ್‌ಮ್ಯಾನ್" ಧಾರಾವಾಹಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲಿವರ್ ಮುಚ್ಚುತ್ತಲೇ ಟ್ರಿಗರ್ ತಾನಾಗಿ ಒತ್ತಿಕೊಳ್ಳುವಂತೆ ಬಳೆಗೆ ಒಂದು ಸ್ಕ್ರೂ ಜೋಡಿಸಿದ್ದರು. ಅಲ್ಲಿ ಹಾರುತ್ತಿದ್ದದ್ದು ಗುಂಡಿಲ್ಲದ ಸಪ್ಪಳದ ತೋಟೆ. ಹಟ್ಟಿಯ ಪಕ್ಕದಲ್ಲಿ ನಿಂತು ಹಂದಿ ಓಡಿಸುವವನಿಗೆ ಅಂಥದೊಂದು ಸ್ಕ್ರೂ ಏನು ಮಾಡೀತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅಳಿಯನ ರೈಫಲ್ಲಿಗೆ ಬರೋಣ. ಮಾರ್ಲಿನ್ ಕಂಪನಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನದು, 1870ರಲ್ಲಿ ಶುರುವಾದದ್ದು. ಅದರ 1893ರ ಮಾದರಿ ಬೆಳೆಯುತ್ತ ಬೆಳೆಯುತ್ತ 36 ಆಯಿತು, 1948ರಲ್ಲಿ 336 ಆಯಿತು. 1972ರಲ್ಲಿ ಅದೇ 336ರ ಒಡಲಿಗೆ ದಪ್ಪ ನಳಿಗೆ ಕೂರಿಸಿ .45-70 ಎಂಬ ಹಳೆಯ ದೊಡ್ಡ ತೋಟೆಗೆ ಹೊಂದಿಸಿ 1895 ಎಂಬ ಹಳೇ ಹೆಸರಲ್ಲೇ ಹೊಸದೊಂದನ್ನು ಬಿಟ್ಟರು. ಎಂದರೆ 336 ಮತ್ತು ಇಂದಿನ 1895 ಒಂದೇ ತಾಯಿಯ ಮಕ್ಕಳು. ಒಂದರ ಲಿವರ್ ಇನ್ನೊಂದಕ್ಕೆ ಹೋಗುವುದು ಅದಕ್ಕೇ. ಆದರೆ ಅದೇ ಕಂಪನಿಯ 1894 ಎಂಬುದಿದೆಯಲ್ಲ, ಹೆಸರಿನಲ್ಲಿ ಒಂದೇ ಒಂದು ಅಂಕಿ ವ್ಯತ್ಯಾಸ, ಅದರ ಒಡಲು ಗಿಡ್ಡ. ಅದರ ಲಿವರ್ 336ಕ್ಕೆ ಬಾರದು. ಇನ್ನು 36ರ ಬೋಲ್ಟು ಚೌಕ, 336ರದು ಉರುಟು. ಅಪ್ಪನದು ಮಗನಿಗೆ ಆಗದು.

ಒಂದೇ ತಾಯಿಯ ಮಕ್ಕಳಲ್ಲೂ ಎಲ್ಲವೂ ಅದಲುಬದಲಾಗುವುದಿಲ್ಲ. 336ರಲ್ಲಿ ಹೆಚ್ಚಾಗಿ ಬಳಸುವ .30-30 ತೋಟೆಯ ಹಿಂಬದಿಯ ಅಂಚಿನ ಅಡ್ಡಳತೆ ಸುಮಾರು 12.9 ಮಿ.ಮೀ., .45-70ರದು ಸುಮಾರು 15.4 ಮಿ.ಮೀ. ತೋಟೆಯ ಬೆನ್ನಿಗೆ ಒತ್ತಿ ನಿಲ್ಲುವುದು ಬೋಲ್ಟಿನ ಮುಖ. ಹಾಗಾಗಿ ಲಿವರ್ ಒಂದೇ ಆದರೂ ಬೋಲ್ಟು ಬೇರೆ, ಖಾಲಿ ತೋಟೆಯನ್ನು ಎಳೆಯುವ ಕೊಕ್ಕೆ ಬೇರೆ. ಹಿಂಬದಿಯ ಬಾಗಿದ ಮರದ ಬದಲು ನೇರ ಮರ ಹಾಕುತ್ತೇನೆಂದು ಹೊರಟವನು ಮರವೊಂದನ್ನೇ ತಂದರೆ ಸಾಲದು. ನೇರ ಲಿವರೂ ಬೇಕು, ಟ್ರಿಗರ್ ಕೂತಿರುವ ಕೆಳಪಟ್ಟಿಯೂ ನೇರದ್ದೇ ಬೇಕು. ಒಂದು ತುಂಡು ಬದಲಿಸಲು ಹೋದವನು ಮೂರು ತುಂಡು ಕೊಳ್ಳುತ್ತಾನೆ. ವ್ಯಾಪಾರಿಗಳಿಗೆ ಈ ಲೆಕ್ಕ ಹೊಸದೇನಲ್ಲ.

ಅಳಿಯ ಬದಲಿಸಿದ್ದು ಬರೀ ಲಿವರ್ ತಾನೇ, ಅದರಲ್ಲೇನಿದೆ ಎಂದು ಕೇಳಬಹುದು. ಅಲ್ಲೇ ಇರುವುದು ವಿಷಯ. ಮಾರ್ಲಿನ್ನಿನ ಲಿವರ್ ಬರೀ ಹಿಡಿಕೆಯಲ್ಲ. ಅದು ಮೇಲಕ್ಕೆ ಬರುವಾಗ ಒಳಗಿನ ಬೀಗದ ತುಂಡನ್ನು ಎತ್ತಿ ಬೋಲ್ಟಿನ ಕಚ್ಚಿಗೆ ಸಿಕ್ಕಿಸುತ್ತದೆ. ತೋಟೆಯ ಹಿಂಬದಿಗೆ ಹೊಡೆಯುವ ಮೊಳೆ ಎರಡು ತುಂಡಿನದು. ಬೀಗ ಪೂರ್ತಿ ಮೇಲೆ ಬಂದಾಗ ಮಾತ್ರ ಹಿಂದಿನ ತುಂಡು ಮುಂದಿನ ತುಂಡಿನ ನೇರಕ್ಕೆ ಬರುತ್ತದೆ. ಬೀಗ ಬೀಳದೆ ಈಡು ಹಾರಬಾರದು ಎಂಬ ಮುಂಜಾಗ್ರತೆ ಇದು. ಲಿವರ್ ಪೂರ್ತಿ ಮುಚ್ಚಿದರೆ ಮಾತ್ರ ಟ್ರಿಗರ್ ಬಿಡುವ ಇನ್ನೊಂದು ತಡೆಯೂ ಇದೆ. ತೋಟೆಯನ್ನು ಕೊಳವೆಯಿಂದ ಮೇಲಕ್ಕೆ ಎತ್ತುವ ತೊಟ್ಟಿಲನ್ನೂ ಲಿವರಿನ ಒಂದು ಮೂಲೆಯೇ ತಳ್ಳುತ್ತದೆ. ಆ ಮೂಲೆ ಚೂಪಾಗಿದ್ದರೆ ತೊಟ್ಟಿಲಿನ ಮೈಯಲ್ಲಿ ಗೆರೆ ಕೊರೆದು, ಕ್ರಮೇಣ ಒಂದು ತೋಟೆ ಬರುವಲ್ಲಿ ಎರಡು ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತವೆ. ಮಾರ್ಲಿನ್ ಇಟ್ಟುಕೊಂಡವರು ಬಹುಕಾಲದಿಂದ ಹೇಳುವ ದೂರು ಇದು. ಹೊಸ ಲಿವರ್ ಹೊಕ್ಕಿತು, ಸ್ಕ್ರೂ ಬಿಗಿಯಾಯಿತು ಎಂಬಷ್ಟಕ್ಕೆ ಮೇಜಿನಿಂದ ಏಳುವವನು ಈ ನಾಲ್ಕು ಕೆಲಸದಲ್ಲಿ ಒಂದನ್ನೂ ನೋಡಿರುವುದಿಲ್ಲ.

ಬೋಲ್ಟು ಬದಲಿಸಿದರಂತೂ ಬೇರೆಯೇ ಕತೆ. ತೋಟೆಯ ಬೆನ್ನಿಗೂ ಬೋಲ್ಟಿನ ಮುಖಕ್ಕೂ ನಡುವೆ ಇರಬೇಕಾದ ಸಂದು ಕೂದಲೆಳೆಯಷ್ಟು. ಅದಕ್ಕೆ ಹೆಡ್‌ಸ್ಪೇಸ್ ಎನ್ನುತ್ತಾರೆ. ಹೆಚ್ಚಾದರೆ ಈಡು ಹಾರುವಾಗ ಹಿತ್ತಾಳೆಯ ತೋಟೆ ಹಿಂದಕ್ಕೆ ಹಿಗ್ಗಿ ಸೀಳುತ್ತದೆ, ಆ ಬೆಂಕಿ ಬರುವುದು ಹೊಡೆಯುವವನ ಮುಖದ ಕಡೆಗೇ. .30-30 ತೋಟೆಯೊಳಗಿನ ಒತ್ತಡದ ಮಿತಿಯೇ ಚದರ ಅಂಗುಲಕ್ಕೆ 42,000 ಪೌಂಡ್. ಟ್ರ್ಯಾಕ್ಟರ್ ಚಕ್ರಕ್ಕೆ ಎಷ್ಟು ಪೌಂಡ್ ಗಾಳಿ ಹಿಡಿಸುತ್ತೀರೋ ನೆನಪಿಸಿಕೊಂಡರೆ ಅಂದಾಜು ಸಿಗುತ್ತದೆ. ಈ ಸಂದನ್ನು ಕಣ್ಣಲ್ಲಿ ನೋಡಿ ಹೇಳಲು ಬಾರದು. ಅದಕ್ಕೆ ಗೋ, ನೋ-ಗೋ ಎಂಬ ಜೋಡಿ ಗೇಜುಗಳಿವೆ. ಒಂದರ ಮೇಲೆ ಬೋಲ್ಟು ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ಆ ಗೇಜಿಲ್ಲದವನು ಎಷ್ಟೇ ಕೈಚಳಕದವನಾದರೂ ಬೋಲ್ಟಿಗೆ ಕೈಹಾಕುವಂತಿಲ್ಲ.

ಯಂತ್ರದ ತುಂಡುಗಳು ಒಂದರದು ಇನ್ನೊಂದಕ್ಕೆ ಹೊಂದಬೇಕೆಂಬ ಆಸೆಯೇ ಬಂದೂಕಿನ ಕಾರ್ಖಾನೆಯಲ್ಲಿ ಬಲಿತದ್ದು ಎಂಬುದು ಇಲ್ಲಿ ಹೇಳಲೇಬೇಕಾದ ಸಂಗತಿ. ಅದೂ ನ್ಯೂ ಹೇವನ್ನಿನ ಮಗ್ಗುಲಲ್ಲೇ. ಹತ್ತಿ ಬಿಡಿಸುವ ಜಿನ್ ಯಂತ್ರದಿಂದ ಹೆಸರಾದ ಎಲಿ ವಿಟ್ನಿ, ನಮ್ಮ ಆದೋನಿಯ ಹತ್ತಿ ವ್ಯಾಪಾರಿಗಳಿಗೆ ಗೊತ್ತಿರಬೇಕಾದ ಹೆಸರು, 1798ರಲ್ಲಿ ಸರಕಾರಕ್ಕೆ ಎರಡು ವರ್ಷದಲ್ಲಿ 10,000 ಬಂದೂಕು ಮಾಡಿಕೊಡುತ್ತೇನೆಂದು ಕರಾರು ಮಾಡಿಕೊಂಡ. ಮುಗಿಸಿದ್ದು 1809ರಲ್ಲಿ. ನಡುವೆ 1801ರಲ್ಲಿ ಜೆಫರ್ಸನ್ ಮುಂತಾದ ದೊಡ್ಡವರ ಮುಂದೆ ತುಂಡುಗಳನ್ನು ರಾಶಿ ಹಾಕಿ, ಕೈಗೆ ಸಿಕ್ಕಿದ್ದನ್ನು ಎತ್ತಿ ಜೋಡಿಸಿ ತೋರಿಸಿದ. ಎಲ್ಲರೂ ಭೇಷ್ ಎಂದರು. ಎಷ್ಟೋ ಕಾಲದ ಮೇಲೆ ಅವನ ಉಳಿದ ಬಂದೂಕುಗಳನ್ನು ಬಿಚ್ಚಿ ನೋಡಿದ ಪಂಡಿತರಿಗೆ ಕಂಡದ್ದು, ಒಂದರ ತುಂಡು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ ಎಂಬುದು. ಮಾತು ಮುಂದೆ, ಅರ ಹಿಂದೆ! ನಿಜವಾಗಿ ಅದಲುಬದಲಾಗುವ ತುಂಡುಗಳನ್ನು ಮಾಡಿ ತೋರಿಸಿದವನು 1820ರ ದಶಕದಲ್ಲಿ ಹಾರ್ಪರ್ಸ್ ಫೆರಿಯ ಜಾನ್ ಹಾಲ್. ಪ್ರತಿ ತುಂಡಿಗೂ ಗೇಜು ಇಟ್ಟು ಅಳೆದದ್ದರಿಂದ ಅದು ಅವನಿಗೆ ಸಾಧ್ಯವಾಯಿತು.

ಆ ಆಸೆ ಇಂದು ಪೂರ್ತಿ ನೆರವೇರಿರುವುದು ಬಂದೂಕಿನಲ್ಲಲ್ಲ, ಬೇರಿಂಗಿನಲ್ಲಿ. ಮೋಟಾರಿಗೆ 6205 ಬೇರಿಂಗ್ ಬೇಕೆಂದರೆ ಸೊಲ್ಲಾಪುರದಲ್ಲಿ ಕೊಂಡರೂ ಒಂದೇ, ಹೊಸೂರಿನಲ್ಲಿ ಕೊಂಡರೂ ಒಂದೇ, ಕಂಪನಿ ಯಾವುದಾದರೂ ಆಗಲಿ: ಒಳಗಿನ ರಂಧ್ರ 25, ಹೊರಗಿನ ಸುತ್ತು 52, ದಪ್ಪ 15 ಮಿ.ಮೀ. ಜಗತ್ತೆಲ್ಲ ಒಪ್ಪಿಕೊಂಡ ನಂಬರ್ ಅದು. ಬಂದೂಕಿನ ಬೋಲ್ಟಿಗೋ ಕುದುರೆಗೋ ಅಂಥ ನಂಬರ್ ಇಲ್ಲ. ಪಂಪ್‌ಸೆಟ್ಟಿನ ಅಭ್ಯಾಸವನ್ನು ಬಂದೂಕಿಗೆ ತರುವವರು ಮರೆಯುವುದು ಇದನ್ನೇ.

ನಂಬರ್ ಒಂದೇ ಇದ್ದ ಮಾತ್ರಕ್ಕೂ ಧೈರ್ಯವಿಲ್ಲ. ವಿಂಚೆಸ್ಟರಿನ 1894ರ ಮಾದರಿ, ಬ್ರೌನಿಂಗ್ ಎಂಬ ಮೇಧಾವಿಯ ರಚನೆ, 70 ಲಕ್ಷಕ್ಕೂ ಮಿಕ್ಕಿ ತಯಾರಾದದ್ದು. 1964ರಲ್ಲಿ ಖರ್ಚು ಉಳಿಸಲೆಂದು ಕಂಪನಿ ಒಳಗಿನ ಕೆಲಸವನ್ನು ಬದಲಿಸಿತು, ಕಡೆದು ಮಾಡುತ್ತಿದ್ದ ಕಡೆ ತಗಡು ಒತ್ತಿ ಮಾಡಿತು. ಮೇಲಿಂದ ನೋಡಿದರೆ ಅದೇ ರೈಫಲ್ಲು, ಅದೇ ಹೆಸರು. ಹಿಂದಿನದಕ್ಕೆ ಮುಂದಿನದರ ಎಷ್ಟೋ ತುಂಡು ಹೋಗುವುದಿಲ್ಲ. ಗಿರಾಕಿಗಳು ಮುನಿಸಿಕೊಂಡರು. ಇಂದಿಗೂ ಅಲ್ಲಿ 1964ರ ಹಿಂದಿನದಕ್ಕೆ ಬೆಲೆ ಹೆಚ್ಚು. ಮಾರ್ಲಿನ್ನಿನ ಕತೆ ಇನ್ನೂ ಹತ್ತಿರದ್ದು. 2007ರಲ್ಲಿ ರೆಮಿಂಗ್ಟನ್ ಕೈಗೆ ಹೋಯಿತು, 2011ರಲ್ಲಿ ಕನೆಕ್ಟಿಕಟ್ಟಿನ ಕಾರ್ಖಾನೆ ಮುಚ್ಚಿ ಕೆಲಸ ನ್ಯೂಯಾರ್ಕ್ ರಾಜ್ಯದ ಇಲಿಯನ್ನಿಗೆ ಹೋಯಿತು. ಯಂತ್ರ ಹೋದವು, ಹಳೆಯ ಕೆಲಸಗಾರರು ಹೋಗಲಿಲ್ಲ. ಎಲ್ಲಿ ಎಷ್ಟು ಉಜ್ಜಬೇಕೆಂಬುದು ಅವರ ಬೆರಳಲ್ಲಿತ್ತು. ಆಮೇಲೆ ಬಂದ ರೈಫಲ್ಲುಗಳ ಬಗ್ಗೆ ದೂರು ರಾಶಿ ಬಿತ್ತು. ರೆಮಿಂಗ್ಟನ್ ದಿವಾಳಿಯೆದ್ದು, 2020ರಲ್ಲಿ ರೂಗರ್ ಕಂಪನಿ ಮಾರ್ಲಿನ್ನನ್ನು ಕೊಂಡು, ನಾರ್ತ್ ಕೆರೊಲಿನಾದಲ್ಲಿ ಹೊಸದಾಗಿ ಕೆಲಸ ಹಚ್ಚಿ, 2021ರ ಡಿಸೆಂಬರಿನಲ್ಲಿ ಮೊದಲ 1895ನ್ನು ಹೊರತಂದಿತು. ಕಾರ್ಖಾನೆಯೊಳಗೇ ಇಷ್ಟೆಲ್ಲ ಫಜೀತಿ ಇರುವಾಗ, ಪೇಟೆಯ ಮೋಟಾರು ಅಂಗಡಿಯ ಅರಕ್ಕೆ ಎಷ್ಟು ನಂಬುಗೆ ಕೊಡೋಣ?

ಇಷ್ಟಾದರೂ ಅಳಿಯ ಅಲ್ಲಿ ಕಾನೂನು ಮುರಿಯಲಿಲ್ಲ. ಅಮೆರಿಕದ 1968ರ ಕಾಯ್ದೆಯ ಪ್ರಕಾರ ಬಂದೂಕು ಎಂದರೆ ನಂಬರ್ ಹೊಡೆದ ಅದರ ಒಡಲು. ಲಿವರ್, ಬೋಲ್ಟು, ಮರ, ನಳಿಗೆ ಇವು ಬರೀ ಸಾಮಾನು, ಅಂಚೆಯಲ್ಲಿ ಬರುತ್ತವೆ. ನಮ್ಮ ದೇಶದಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆಯ ಎರಡನೆಯ ಸೆಕ್ಷನ್ನಿನಲ್ಲೇ, ಆಯುಧ ಎಂಬ ಮಾತಿನ ಅರ್ಥದೊಳಗೆ ಆಯುಧದ ಬಿಡಿಭಾಗವನ್ನೂ ಸೇರಿಸಿದ್ದಾರೆ. ಐದನೆಯ ಸೆಕ್ಷನ್ನು ಲೈಸೆನ್ಸಿಲ್ಲದೆ ಬಂದೂಕು ತಯಾರಿಸುವುದನ್ನು ಮಾತ್ರವಲ್ಲ, ಮಾರ್ಪಡಿಸುವುದನ್ನೂ ರಿಪೇರಿ ಮಾಡುವುದನ್ನೂ ತಡೆಯುತ್ತದೆ. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸು ರೈತನಿಗಿದೆ, ನಿಜ. ರಿಪೇರಿಯ ಲೈಸೆನ್ಸು ಬೇರೆ. 2019ರ ತಿದ್ದುಪಡಿಯ ಮೇಲೆ ಐದನೆಯ ಸೆಕ್ಷನ್ ಮುರಿದವನಿಗೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಸಜೆ. ನಳಿಗೆ ಗಿಡ್ಡ ಮಾಡುವುದಕ್ಕೆ ಆರನೆಯ ಸೆಕ್ಷನ್ ಪ್ರತ್ಯೇಕವಾಗಿಯೇ ಇದೆ. ಒಂದು ಸವೆದ ಕುದುರೆಗಾಗಿ ಏಳು ವರ್ಷ! ಪೇಟೆಯ ಆ ರಿಪೇರಿಯವನಿಗೂ ಇದು ಗೊತ್ತಿರಲಾರದು. ಗೊತ್ತಿಲ್ಲ ಎಂದರೆ ಕೋರ್ಟು ಕೇಳುವುದಿಲ್ಲ.

ಹೊರದೇಶದಿಂದ ತರಿಸುವುದಕ್ಕೆ ಅದೇ ಕಾಯ್ದೆಯ ಹತ್ತನೆಯ ಸೆಕ್ಷನ್ ಅಡ್ಡ ಇದೆ. ಅಮೆರಿಕದಿಂದ ಹೊರಕ್ಕೆ ಕಳಿಸಲು ಅಲ್ಲಿಯೂ ರಫ್ತಿನ ಕಟ್ಟಳೆಗಳಿವೆ. ಉಡುಗೊರೆ ಸೀರೆ, ಬಾದಾಮಿಯ ನಡುವೆ ಬಂದೂಕಿನ ತುಂಡು ಇಟ್ಟುಕೊಂಡು ವಿಮಾನ ಇಳಿಯುವ ಸಾಹಸ ಆ ಹುಡುಗ ಮಾಡದಿರಲಿ.

ನಮ್ಮವರ ಬಂದೂಕುಗಳೂ ಬಹುಪಾಲು ರೈಫಲ್ಲುಗಳಲ್ಲ ಎಂಬುದನ್ನು ನೆನಪಿಡಬೇಕು. ಕಾಯ್ದೆಯ 13ನೆಯ ಸೆಕ್ಷನ್ ಬೆಳೆ ರಕ್ಷಣೆಗೆಂದು ಹೇಳುವುದು ಮುಂದಿನಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಒಳಮೈ ನುಣುಪಾದ ಬೇರೆ ಬಂದೂಕು ಕೊಡಬಹುದು. ಹಾಗಾಗಿ ಊರಲ್ಲಿ ಕಾಣುವುದು ಕೇಪಿನ ಕೋವಿ, ಒಂಟಿ ನಳಿಗೆ, ಜೋಡಿ ನಳಿಗೆ. ಹಳೆಯ ಜೋಡಿ ನಳಿಗೆ ಎಂದರೆ ಕೈಕೆಲಸದ್ದು. ಎಡದ ಕುದುರೆ ಬಲಕ್ಕೆ ಬಾರದು, ಇನ್ನೊಂದು ಬಂದೂಕಿನದು ಬರುವುದಂತೂ ದೂರ. ನಮಗೆ ಬಲ್ಲ ಮನೆಯೊಂದರಲ್ಲಿ ಹೀಗೆ ಬೇರೆಯದರ ಕುದುರೆಯನ್ನು ಉಜ್ಜಿ ಕೂರಿಸಿದ್ದರು. ನಾಲ್ಕು ತಿಂಗಳು ಚೆನ್ನಾಗಿಯೇ ಇತ್ತು. ಒಂದು ರಾತ್ರಿ ತೋಟೆ ಹಾಕಿ ನಳಿಗೆ ಮುಚ್ಚಿದ ಏಟಿಗೇ ಟ್ರಿಗರ್ ಮುಟ್ಟದೆ ಈಡು ಹಾರಿತು. ಮೂತಿ ಕೊಟ್ಟಿಗೆಯ ಮಾಡಿನ ಕಡೆಗಿತ್ತು, ಹದಿನೈದು ಹೆಂಚು ಹೋದವು. ಐದು ಅಡಿ ಈಚೆಗೆ ದೀಪ ಹಿಡಿದು ನಿಂತಿದ್ದವನು ಅವರ ಮಗ. ಆ ಮನೆಯವರು ಇಂದಿಗೂ ಆ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾರೆ.

ತುಂಡಿನ ಮಾತು ತೋಟೆಗೂ ಅನ್ವಯಿಸುತ್ತದೆ. ಹಳೆಯ 12 ಬೋರಿನ ಎಷ್ಟೋ ಬಂದೂಕುಗಳಲ್ಲಿ ತೋಟೆಯ ಗೂಡು 65 ಮಿ.ಮೀ. ಉದ್ದದ್ದು. ಇಂದು ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 70 ಮಿ.ಮೀ. ತೋಟೆ. ಅದು 65ರ ಗೂಡಿಗೆ ಸಲೀಸಾಗಿ ಹೋಗುತ್ತದೆ! ಯಾಕೆಂದರೆ 70 ಎಂಬುದು ಈಡು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಅಳತೆ. ಬಿಚ್ಚಿಕೊಳ್ಳಲು ಒಳಗೆ ಜಾಗವಿಲ್ಲದೆ ಒತ್ತಡ ಏರುತ್ತದೆ, ಹಳೆಯ ನಳಿಗೆ ಅದನ್ನು ತಾಳಬೇಕು. ಇನ್ನೊಂದು, 20 ಬೋರಿನ ತೋಟೆ 12ರ ನಳಿಗೆಯೊಳಕ್ಕೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿ ಅಂತ ಅದರ ಹಿಂದೆ 12ರದನ್ನು ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20 ಬೋರಿನ ತೋಟೆಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದೇ ಈ ಅಪಾಯದಿಂದ.

ಇಶಾಪುರದ ಸರಕಾರಿ ಕಾರ್ಖಾನೆಯ .315 ರೈಫಲ್ ಕೆಲವರಲ್ಲಿದೆ. ಅದರ ರಚನೆ ಹಳೆಯ ಲೀ-ಎನ್‌ಫೀಲ್ಡ್ ಸೈನಿಕ ರೈಫಲ್ಲಿನ ಜಾಡಿನದು. ಆ ಸೈನಿಕ ರೈಫಲ್ಲಿನಲ್ಲಿ ಬೋಲ್ಟಿನ ಮೇಲೂ ರೈಫಲ್ಲಿನದೇ ನಂಬರ್ ಹೊಡೆಯುತ್ತಿದ್ದರು. ನಂಬರ್ 4 ಮಾದರಿಯಲ್ಲಿ ಬೋಲ್ಟಿನ ತಲೆಯನ್ನೇ 0, 1, 2, 3 ಎಂದು ನಾಲ್ಕು ಅಳತೆಯಲ್ಲಿ ಮಾಡಿ, ಸಂದು ನೋಡಿ ತಕ್ಕದ್ದನ್ನು ಹಾಕುತ್ತಿದ್ದರು. ಲಕ್ಷಗಟ್ಟಲೆ ಒಂದೇ ಮಾದರಿ ಮಾಡಿದ ಸೈನ್ಯವೇ ಒಂದರ ಬೋಲ್ಟನ್ನು ಇನ್ನೊಂದಕ್ಕೆ ಕಣ್ಣು ಮುಚ್ಚಿ ಹಾಕುತ್ತಿರಲಿಲ್ಲ.

ಇಲ್ಲಿಯವರೆಗೆ ರೈತರಿಗೆ ಬುದ್ಧಿ ಹೇಳಿದ್ದಾಯಿತು. ಅದು ಸುಲಭದ ಕೆಲಸ. ಸರಕಾರಗಳಿಗೂ ಎರಡು ಮಾತು ಹೇಳದಿದ್ದರೆ ಈ ಬರಹ ಅನ್ಯಾಯವಾಗುತ್ತದೆ. ಲೈಸೆನ್ಸ್ ಕೊಡುವವರು, ನವೀಕರಿಸುವವರು, ಚುನಾವಣೆ ಬಂದರೆ ಠಾಣೆಗೆ ತಂದಿಡಿ ಎನ್ನುವವರು, ರಿಪೇರಿ ಎಲ್ಲಿ ಮಾಡಿಸಬೇಕೆಂದು ಮಾತ್ರ ಹೇಳುವುದಿಲ್ಲ. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರಿಗೆ ಒಪ್ಪಿಸಿತು. ಲೈಸೆನ್ಸ್ ಇರುವ ಕೋವಿಯವರನ್ನು ಕರೆದು ಹೊಡೆಸಬಹುದೆಂದಿತು. ಒಳ್ಳೆಯದೇ. ಆದರೆ ಕರೆಸಿಕೊಂಡ ಕೋವಿ ಯಾವ ಸ್ಥಿತಿಯಲ್ಲಿದೆ ಎಂದು ನೋಡಿದವರು ಯಾರು? ಕತ್ತಲಲ್ಲಿ ಹತ್ತು ಜನರ ನಡುವೆ ಹಾರುವ ಈಡು ಅದು.

ಗಡಿಯವರ ತೊಂದರೆ ಇನ್ನೊಂದು ಬಗೆಯದು. ತಾಳವಾಡಿಯವನಿಗೆ ಚಾಮರಾಜನಗರ ಮಗ್ಗುಲಲ್ಲೇ ಇದೆ, ಅವನ ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಮಂಜೇಶ್ವರದವನಿಗೆ ಮಂಗಳೂರು, ಹೊಸೂರಿನವನಿಗೆ ಬೆಂಗಳೂರು, ಆದೋನಿಯವನಿಗೆ ಬಳ್ಳಾರಿ ಎಲ್ಲ ವ್ಯವಹಾರಕ್ಕೂ ಹತ್ತಿರ. ಬಂದೂಕು ಹೆಗಲಿಗೇರಿಸಿ ಗಡಿ ದಾಟುವಾಗ ಮಾತ್ರ, ಲೈಸೆನ್ಸಿನ ಮೇಲೆ ಬರೆದ ವ್ಯಾಪ್ತಿ ಆಚೆಯ ರಾಜ್ಯಕ್ಕೆ ಇಲ್ಲದಿದ್ದರೆ ಚೆಕ್‌ಪೋಸ್ಟಿನಲ್ಲಿ ಅವನು ಆರೋಪಿ. ಹತ್ತಿರದ ರಿಪೇರಿಗೆ ಹೋಗುವಂತಿಲ್ಲ, ದೂರದ್ದು ಗೊತ್ತಿಲ್ಲ. ಮೋಟಾರು ಅಂಗಡಿಯವನ ಹತ್ತಿರ ಹೋಗುತ್ತಾನೆ, ಇನ್ನೇನು ಮಾಡಿಯಾನು?

ಬಹಳ ಖರ್ಚಿನ ಕೆಲಸವೇನೂ ನಾವು ಕೇಳುತ್ತಿಲ್ಲ. ರಿಪೇರಿ ಲೈಸೆನ್ಸ್ ಇರುವವರ ಹೆಸರು, ವಿಳಾಸಗಳ ಪಟ್ಟಿಯನ್ನು ಪ್ರತಿ ಜಿಲ್ಲಾಡಳಿತ ತಾಲೂಕು ಕಚೇರಿಯ ಬಾಗಿಲಿಗೆ ಹಚ್ಚಲಿ, ಗಡಿ ತಾಲೂಕುಗಳಲ್ಲಿ ಎರಡು ಭಾಷೆಯಲ್ಲಿ ಹಚ್ಚಲಿ. ಚುನಾವಣೆಯ ನೆಪದಲ್ಲಿ ಬಂದೂಕುಗಳು ಹೇಗೂ ಠಾಣೆಗೆ ಬಂದು ವಾರಗಟ್ಟಲೆ ಮಲಗುತ್ತವೆ. ಪೊಲೀಸ್ ಇಲಾಖೆಯ ಆರ್ಮರರ್ ಒಬ್ಬರು ಆಗ ಬಂದು ಒಂದೊಂದನ್ನೂ ಬಿಚ್ಚಿ ನೋಡಿ, ಇದು ಬಳಸಲು ಯೋಗ್ಯ, ಇದು ಅಲ್ಲ ಎಂದು ಒಂದು ಚೀಟಿ ಕಟ್ಟಿದರೆ ಎಷ್ಟೋ ಕಣ್ಣು, ಬೆರಳು ಉಳಿದಾವು. ಗಡಿಯ ಎರಡೂ ಕಡೆಯ ಜಿಲ್ಲಾಧಿಕಾರಿಗಳು ಕೂತು, ರಿಪೇರಿಗೆಂದೇ ನೆರೆಯ ಜಿಲ್ಲೆಗೆ ಬಂದೂಕು ಒಯ್ಯಲು ಇಂತಿಷ್ಟು ದಿನದ ಅನುಮತಿ ಸುಲಭವಾಗಿ ಸಿಗುವಂತೆ ಮಾಡಿಕೊಳ್ಳಲಿ. ಹೆದ್ದಾರಿಗೆ, ನೀರಿಗೆ, ಮದ್ಯದ ಸುಂಕಕ್ಕೆ ಕೂರುವವರು ಇದಕ್ಕೂ ಒಂದು ಗಳಿಗೆ ಕೂರಬಹುದು.

ಪತ್ರ ಬರೆದ ಯಜಮಾನರಿಗೆ ಇಷ್ಟು ಹೇಳುತ್ತೇವೆ. ಎಣ್ಣೆ ಹಾಕಿ ಒರೆಸುವುದು, ನಳಿಗೆಗೆ ಗಜ ಹಾಕುವುದು ನಿಮ್ಮದೇ ಕೆಲಸ, ಅದನ್ನು ಯಾರನ್ನೂ ಕೇಳಬೇಕಾಗಿಲ್ಲ. ಕುದುರೆಯ ವಿಷಯಕ್ಕೆ ನಿಮ್ಮ ಲೈಸೆನ್ಸ್ ಕೊಟ್ಟ ಕಚೇರಿಗೆ ಒಂದು ಅರ್ಜಿ ಬರೆಯಿರಿ: ಬಂದೂಕಿನ ನಂಬರ್, ಬೋರು, ಏನು ಕೆಟ್ಟಿದೆ, ಯಾವ ಲೈಸೆನ್ಸುದಾರ ರಿಪೇರಿಯವರಲ್ಲಿಗೆ ಒಯ್ಯಬೇಕು, ಆಚೆಗೆ ಒಯ್ಯಬೇಕಾದರೆ ಅನುಮತಿ ಯಾರು ಕೊಡುತ್ತಾರೆ, ಇಷ್ಟು. ಒಂದು ಪ್ರತಿಗೆ ಮೊಹರು ಹಾಕಿಸಿಕೊಂಡು ಲೈಸೆನ್ಸ್ ಪುಸ್ತಕದೊಳಗೆ ಇಡಿ. ಉತ್ತರ ಬರುವವರೆಗೆ ಎಡಗಡೆಯದು ಸರಿಯಿದೆಯಲ್ಲ ಅಂತ ತೋಟೆ ಹಾಕಬೇಡಿ. ಎರಡೂ ಕುದುರೆ ಒಂದೇ ವಯಸ್ಸಿನವು. ಅಳಿಯನಿಗೆ, ತನ್ನ ಮಾರ್ಲಿನ್ನನ್ನು ಗೇಜು ಇರುವ ಒಬ್ಬ ಗನ್‌ಸ್ಮಿತ್‌ಗೆ ಒಮ್ಮೆ ತೋರಿಸು ಎಂದು ಹೇಳಿ. ಕಚೇರಿಯಿಂದ ಏನು ಉತ್ತರ ಬಂತು, ಎಷ್ಟು ದಿನಕ್ಕೆ ಬಂತು ಎಂದು ನಮಗೊಂದು ಕಾರ್ಡು ಹಾಕಿ. ಈ ಪುಟದಲ್ಲೇ ಅಚ್ಚು ಮಾಡುತ್ತೇವೆ.